ಅಮ್ಮನ ಫಿಯಾಕ

ನಮ್ಮ ಬೋಕಾ ಎಂಬ ಬಂದರುಕೇರಿಯ ಗಂಡಸರಿಗೆ ಎರಡು ವಿಷಯಗಳಲ್ಲಿ ಜಂಬ. ಒಂದು ಫುಟ್‌ಬಾಲು, ಇನ್ನೊಂದು ಬಾಯಿ. ಫುಟ್‌ಬಾಲು ನನಗೆ ಒಲಿಯಲಿಲ್ಲ. ಹನ್ನೆರಡನೆಯ ವಯಸ್ಸಿಗೇ ಮಂಡಿಚಿಪ್ಪು ಜರುಗಿಸಿಕೊಂಡು ಮೂಲೆ ಸೇರಿದೆ. ಉಳಿದದ್ದು ಬಾಯಿ. ಅದರಿಂದಲೇ ಹೆಸರು ಮಾಡಿದೆ, ಅದರಿಂದಲೇ ಮನೆಯನ್ನೂ ಹಾಳು ಮಾಡಿದೆ.

ನನ್ನ ಹೆಸರು ಅಮದೇವೊ ಓನೆತೊ. ನಾನು ಹೇಳುತ್ತಿರುವುದು ಮೂವತ್ತಾರನೆಯ ಇಸವಿಯ ಮಾತು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಬ್ಯೂನಸ್ ಐರಿಸ್‌ನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ. ದಿನವಿಡೀ ಬೇರೆಯವರ ಮಾತನ್ನು ತಲೆಕೆಳಗಾಗಿ ಓದಿ ಓದಿ ನನಗೆ ಒಂದು ಹುಚ್ಚು ಹಿಡಿದಿತ್ತು. ಬೀದಿಯಲ್ಲಿ ಆಡುವ ಒಂದೊಂದು ಪೋಲಿ ಮಾತೂ ಎಲ್ಲಿ ಹುಟ್ಟಿತು, ಯಾವ ಹಡಗಿನಲ್ಲಿ ಬಂತು ಎಂದು ಹುಡುಕುವ ಹುಚ್ಚು. ಅದಕ್ಕೆಂದೇ ಒಂದು ನೀಲಿ ರಟ್ಟಿನ ನೋಟುಬುಕ್ಕು ಇಟ್ಟಿದ್ದೆ. ಪ್ರೆಸ್ಸಿನವರು, ಹೋಟೆಲಿನವರು ಎಲ್ಲರೂ ನನ್ನನ್ನು ಪಂಡಿತ ಎಂದೇ ಕರೆಯುತ್ತಿದ್ದರು. ಅರ್ಧ ಗೇಲಿ, ಅರ್ಧ ಗೌರವ. ನಾನು ಎರಡನ್ನೂ ಗೌರವ ಎಂದೇ ಲೆಕ್ಕ ಹಿಡಿದೆ.

"ಲೇ ಪಂಡಿತಾ, ಕೆಲಸಕ್ಕೆ ಲಬೂರೊ ಅಂತೀವಲ್ಲ, ಅದೆಲ್ಲಿಂದ ಬಂತೋ?" ಎಂದು ರೊಸೆಂದೊ ಕೇಳುತ್ತಿದ್ದ. ಅವನು ನನ್ನ ಜೊತೆ ಕೆಲಸ ಮಾಡುತ್ತಿದ್ದವನು. ಏಳು ತಲೆಮಾರಿನಿಂದ ಈ ನೆಲದವನು.

"ಇಟಲಿಯಿಂದ ಕಣಯ್ಯ. ಕೆಲಸ ಮಾಡೋಕೆ ಜನ ಅಲ್ಲಿಂದ ಬಂದ್ರಲ್ಲ, ಕೆಲಸದ ಹೆಸರೂ ಜೊತೇಲೇ ಬಂತು. ನಿಮ್ಮಪ್ಪಂದಿರು ಯಾವತ್ತಾದ್ರೂ ದುಡಿದಿದ್ದಿದ್ರೆ ನಿಮ್ಮ ಭಾಷೆ ಮಾತೇ ಉಳೀತಿತ್ತು."

ಹೋಟೆಲು ಬಿದ್ದು ಬಿದ್ದು ನಗುತ್ತಿತ್ತು. ಬೀಳ್ಕೊಳ್ಳುವಾಗ ಹೇಳುವ 'ಚಾವ್' ವೆನಿಸ್ ಕಡೆಯದು, 'ನಾನು ನಿಮ್ಮ ದಾಸ' ಎಂದು ಅದರ ಅರ್ಥ ಎಂದರೆ ಕುಡುಕರೆಲ್ಲ ಒಬ್ಬರಿಗೊಬ್ಬರು ಬಗ್ಗಿ ನಮಸ್ಕಾರ ಮಾಡುತ್ತಿದ್ದರು. 'ಬಕಾನ್' ಎಂಬ ಮಾತನ್ನಂತೂ ನಾನು ಕತೆ ಕಟ್ಟಿ ಹೇಳುತ್ತಿದ್ದೆ. ನಮ್ಮ ಬೀದಿಯಲ್ಲಿ ಬಕಾನ್ ಎಂದರೆ ದುಡ್ಡಿನ ಕೊಬ್ಬಿನ ಶೋಕಿಲಾಲ. ಅಮ್ಮನ ಜಿನೋವಾ ಕಡೆ ಅದೇ ಮಾತು ದೋಣಿಯ ಯಜಮಾನನಿಗೆ, ಮನೆಯ ಹಿರಿಯನಿಗೆ. "ಸಮುದ್ರ ದಾಟೋವಾಗ ಮಾತೂ ಬಟ್ಟೆ ಬದಲಾಯಿಸುತ್ತೆ ಕಣ್ರೋ" ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ಗಮನಿಸಿ, ಇದನ್ನು ಹೇಳುತ್ತಿದ್ದವನು ನಾನೇ. ಗೊತ್ತಿಲ್ಲದೆ ತಪ್ಪು ಮಾಡಿದೆ ಎನ್ನಲು ನನಗೆ ದಾರಿಯಿಲ್ಲ.

ಈ ಮಾತುಗಳೆಲ್ಲ ನನಗೆ ಸಿಕ್ಕಿದ್ದು ಅಮ್ಮನಿಂದ. ಅವಳ ಹೆಸರು ಮದ್ದಲೇನಾ, ಎಲ್ಲರೂ ಕರೆಯುತ್ತಿದ್ದುದು ಮನೇನಾ ಎಂದು. ಇಟಲಿಯಲ್ಲಿ ಜಿನೋವಾದ ಕರಾವಳಿಯ ಗುಡ್ಡದ ಮೇಲಿನ ಒಂದು ಹಳ್ಳಿಯಿಂದ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಬಂದವಳು. ಅಪ್ಪ ಹಡಗಿನ ಹಲಗೆಗಳ ಸಂದಿಗೆ ನಾರು ತುರುಕಿ ಟಾರು ಬಳಿಯುತ್ತಿದ್ದವನು. ನನಗೆ ಹದಿಮೂರು ತುಂಬುವಷ್ಟರಲ್ಲಿ ಎದೆ ಕೆಟ್ಟು ಸತ್ತ. ಆಮೇಲೆ ಅಮ್ಮ ಉಣ್ಣೆ ಗೋದಾಮಿಗೆ ಗೋಣಿಚೀಲ ಹೊಲಿಯಲು ಸೇರಿದಳು. ಗೇಣುದ್ದದ ದಬ್ಬಳ, ಮೇಣ ತಿಕ್ಕಿದ ಹುರಿ, ಬೆಳಗಿನಿಂದ ಸಂಜೆಯವರೆಗೆ ಗೋಣಿಯ ದೂಳು. ಹನ್ನೊಂದು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ನನ್ನನ್ನೂ ತಂಗಿ ಪಲ್ಮೀರಾಳನ್ನೂ ಆ ದಬ್ಬಳದಲ್ಲೇ ಸಾಕಿದಳು.

ಅಮ್ಮ ಆಡುತ್ತಿದ್ದುದು ಜಿನೋವಾ ಮಾತು. ನಾವು ಉತ್ತರ ಕೊಡುತ್ತಿದ್ದುದು ಸ್ಪ್ಯಾನಿಷ್‌ನಲ್ಲಿ. ಚಿಕ್ಕವರಿದ್ದಾಗ ನಾವೂ ಅವಳ ಮಾತನ್ನೇ ಆಡುತ್ತಿದ್ದೆವು. ಸ್ಕೂಲಿನಲ್ಲಿ ಮೇಡಂ ಒಂದು ದಿನ ಕಿವಿ ಹಿಂಡಿ "ಇಲ್ಲಿ ಕ್ರೈಸ್ತರ ಥರ ಮಾತಾಡು" ಎಂದಳು, ಸ್ಪ್ಯಾನಿಷ್ ಆಡು ಎಂದು ಅದರ ಅರ್ಥ; ಆಮೇಲೆ ಬಿಟ್ಟೆವು. ಅಪ್ಪನ ಶವ ಎತ್ತಿದ ದಿನ ಕೊನೆಯದಾಗಿ ಅವಳೊಡನೆ ಅವಳ ಭಾಷೆಯಲ್ಲಿ ನಾಲ್ಕು ಮಾತಾಡಿದ ನೆನಪು. ಅವಳಿಗೆ ಸ್ಪ್ಯಾನಿಷ್ ಅರ್ಥವಾಗುತ್ತಿತ್ತು, ಆಡಲು ನಾಚಿಕೆ. ಸಂತೆಯಲ್ಲಿ ಎರಡು ಮಾತು ಆಡಿದರೆ ತರಕಾರಿಯವನು ಅವಳ ಥರವೇ ಆಡಿ ಅಣಕಿಸುತ್ತಿದ್ದ. ಪಲ್ಮೀರಾ ಅವಳ ತೋಳು ಚಿವುಟಿ, "ನೀನು ಸುಮ್ನಿರಮ್ಮ, ನಾನು ಕೇಳ್ತೀನಿ" ಎನ್ನುತ್ತಿದ್ದಳು. ವಠಾರದ ಮಹಡಿಯ ಮೇಲಿನ ಒಂದೇ ಕೋಣೆಯ ತಗಡಿನ ಮನೆಯಲ್ಲಿ ಹೀಗೆ ಎರಡು ಭಾಷೆ ಮುಖಾಮುಖಿ ಕೂತು ಊಟ ಮಾಡುತ್ತಿದ್ದವು. ಅಮ್ಮ ಆಡಿದ್ದಕ್ಕೆ ನಾವು ಪ್ರೀತಿಯಿಂದ ನಕ್ಕು ಎಷ್ಟು ವರ್ಷವಾಗಿತ್ತೋ ದೇವರೇ ಬಲ್ಲ.

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಒಲೆ ಹೊತ್ತಿರಲಿಲ್ಲ. ಅಮ್ಮ ಮಂಚದ ಅಂಚಿನಲ್ಲಿ ಕೂತಿದ್ದಳು. ಒಂದು ಕಾಲಿಗೆ ಕಾಲುಚೀಲ ಹಾಕಿದ್ದಳು, ಇನ್ನೊಂದು ಕೈಯಲ್ಲಿತ್ತು.

"ಯಾಕಮ್ಮ, ಇವತ್ತು ಗೋದಾಮು ರಜವಾ?"

"ಇಲ್ಲ ಮಗಾ," ಎಂದಳು. "ನನಗ ಫಿಯಾಕ್ಕ ಆಗೇದ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಫಿಯಾಕ ಎಂದರೆ ನಮ್ಮೂರಲ್ಲಿ ಸೋಮವಾರ ಬೆಳಿಗ್ಗೆಯ ಮೈಗಳ್ಳತನ. ಕೆಲಸಕ್ಕೆ ಚಕ್ಕರ್ ಹೊಡೆದು ಹಾಸಿಗೆಯಲ್ಲಿ ಹೊರಳಾಡುವ ಸುಖ. ಪೋಲಿ ಹುಡುಗರು ಎದೆಯುಬ್ಬಿಸಿ ಆಡುವ ಮಾತು. ಕೂತು ಉಂಡ ನೆನಪೇ ಇಲ್ಲದ ಅಮ್ಮ, ಕ್ರಿಸ್ಮಸ್ ದಿನವೂ ಹರಿದ ಕಾಲುಚೀಲ ಹಿಡಿದು ಕೂರುವ ಅಮ್ಮ, ಆ ಮಾತನ್ನು ನಮ್ಮಿಂದ ಕಲಿತು ಆಡಿದಳು ಎಂದುಕೊಂಡೆ.

"ಪಲ್ಮೀರಾ! ಬಾರೇ ಇಲ್ಲಿ! ಅಮ್ಮಂಗೆ ಫಿಯಾಕ ಬಂದಿದೆ!"

ತಂಗಿ ಹಲ್ಲುಜ್ಜುತ್ತಿದ್ದವಳು ಓಡಿ ಬಂದಳು. "ಏನಂದೆ? ಇನ್ನೊಂದ್ಸಲ ಹೇಳಮ್ಮ!"

ಅಮ್ಮ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಫಿಯಾಕ್ಕ," ಎಂದಳು ಮತ್ತೆ, ಸಣ್ಣಗೆ.

"ಅಬ್ಬಾ! ಇಪ್ಪತ್ತೇಳು ವರ್ಷಕ್ಕೆ ಅಮ್ಮ ಈ ಊರೋಳಾದ್ಲು ಕಣೋ!" ಎಂದು ಪಲ್ಮೀರಾ ಅವಳ ಕೊರಳಿಗೆ ಜೋತುಬಿದ್ದು ಮುತ್ತಿಟ್ಟಳು. "ಮಲ್ಕೋ ಅಮ್ಮ, ಮಹಾರಾಣಿ ಥರ ಮಲ್ಕೋ. ಮಾಟೆ ನಾನು ಕಾಯಿಸ್ತೀನಿ."

ಅಮ್ಮನಿಗೆ ಏನು ಅರ್ಥವಾಯಿತೋ, ಅವಳೂ ನಕ್ಕಳು. ತಂಗಿ ಕೊಟ್ಟ ಮಾಟೆ ಎಲೆಯ ಕಷಾಯವನ್ನು ಕೊಳವೆಯಲ್ಲಿ ಎರಡು ಗುಟುಕು ಹೀರಿದಳು. ಹತ್ತು ನಿಮಿಷ ಕೂತು, ಆಮೇಲೆ ಎದ್ದು ಗೋಡೆ ಹಿಡಿದುಕೊಂಡು ಇನ್ನೊಂದು ಕಾಲುಚೀಲ ಹಾಕಿಕೊಂಡು ಕೆಲಸಕ್ಕೆ ಹೋದಳು. ನಾನು ಆ ದಿನವೇ ನೋಟುಬುಕ್ಕಿನಲ್ಲಿ ತಾರೀಕು ಹಾಕಿ ಬರೆದುಕೊಂಡೆ.

ಆಮೇಲೆ ಆ ಮಾತು ಮನೆಯಲ್ಲಿ ಆಗಾಗ ಬರತೊಡಗಿತು. ಅಮ್ಮ ಮಹಡಿ ಮೆಟ್ಟಿಲಿನ ನಡುವೆ ಕೂತು "ಫಿಯಾಕ್ಕ" ಎನ್ನುತ್ತಿದ್ದಳು. ಅಂಗಳದಲ್ಲಿ ಬಟ್ಟೆ ಒಗೆಯುವ ಹೆಂಗಸರೆಲ್ಲ ನಗುತ್ತಿದ್ದರು. ಕಡಲೆಹಿಟ್ಟಿನ ಫೈನಾ ಬೇಯಿಸಲು ತಟ್ಟೆ ಎತ್ತಿದವಳು ಅರ್ಧ ದಾರಿಯಲ್ಲಿ ಇಳಿಸಿಬಿಡುತ್ತಿದ್ದಳು. ದಬ್ಬಳ ಬೆರಳಿಗೆ ಚುಚ್ಚಿ ರಕ್ತ ಬಂದರೂ ಗೊತ್ತಾಗದೆ ಹೊಲಿಯುತ್ತಲೇ ಇರುತ್ತಿದ್ದಳು. ನಾಲಗೆ ಉರಿಯುತ್ತದೆಂದು ಟೊಮೆಟೊ ಸಾರು ಬಿಟ್ಟು ಬರೀ ರೊಟ್ಟಿಯನ್ನು ಹಾಲಿನಲ್ಲಿ ಅದ್ದಿ ತಿನ್ನುತ್ತಿದ್ದಳು. ಇದೆಲ್ಲವನ್ನೂ ನಾನು ಬರೆದುಕೊಂಡೆ. ಒಂದೂ ಬಿಡಲಿಲ್ಲ. ಡಾಕ್ಟರು ಬರೆದುಕೊಳ್ಳಬೇಕಾದದ್ದನ್ನು ನಾನು ನಾಟಕಕ್ಕೆ ಬರೆದುಕೊಂಡೆ.

ನಮ್ಮ ಕೇರಿಯ ನಾವಿಕರ ಸಂಘದ ಸಭಾಭವನದಲ್ಲಿ ಜುಲೈ ಒಂಬತ್ತರ ಸ್ವಾತಂತ್ರ್ಯದ ಹಬ್ಬಕ್ಕೆ ಪ್ರತಿವರ್ಷ ಒಂದು ಸಣ್ಣ ಹಾಸ್ಯ ನಾಟಕ. ಆ ವರ್ಷ ರೊಸೆಂದೊ ಅದರ ಮುಖಂಡ. "ಪಂಡಿತಾ, ಈ ಸಲ ನೀನೇ ಏನಾದ್ರೂ ಗೀಚಯ್ಯ" ಎಂದ. ನಾನು ಮೂರು ಭಾನುವಾರ ಕೂತು 'ದೋನ್ಯಾ ಫಿಯಾಕ', ಎಂದರೆ ಫಿಯಾಕಮ್ಮನವರು, ಎಂಬ ನಾಟಕ ಬರೆದೆ. ಜಿನೋವಾದಿಂದ ಬಂದ ಒಬ್ಬ ಮುದುಕಿಗೆ ಐವತ್ತು ವರ್ಷ ದುಡಿದ ಮೇಲೆ ಒಂದು ಬೆಳಿಗ್ಗೆ ಮೈಗಳ್ಳತನ ಎಂಬ ಈ ನೆಲದ ರೋಗ ಅಂಟಿಕೊಳ್ಳುತ್ತದೆ. ಅಷ್ಟೇ ಕತೆ. ಮುದುಕಿಯ ಪಾತ್ರ ಪಲ್ಮೀರಾಳದು. ಅಮ್ಮ ನಡೆಯುವುದು, ಸುಸ್ತಾಗಿ ಕೂರುವುದು, ಸೊಂಟಕ್ಕೆ ಕೈಯಿಟ್ಟು ಉಸಿರು ಬಿಡುವುದು ಅವಳಿಗೆ ಕರತಲಾಮಲಕ. ವೇಷಕ್ಕೆ ಅಮ್ಮನ ಏಪ್ರನ್ನೇ ಕೇಳಿದಳು. ಅಮ್ಮ ಅದನ್ನು ಒಗೆದು ಗಂಜಿ ಹಾಕಿ ಇಸ್ತ್ರಿ ಮಾಡಿ ಕೊಟ್ಟಳು. ಮಗಳು ವೇದಿಕೆ ಹತ್ತುತ್ತಾಳೆಂದು ಅವಳಿಗೆ ಹಿಗ್ಗೋ ಹಿಗ್ಗು.

ನಮ್ಮ ಕಡೆ ಜುಲೈ ಎಂದರೆ ನಡುಚಳಿಗಾಲ, ಆದರೂ ಆ ಸಂಜೆ ಸಭಾಭವನ ಕಿಕ್ಕಿರಿದಿತ್ತು. ಪರದೆಯ ಮುಂದೆ ಬಂದು ನಾನೇ ಒಂದು ಭಾಷಣ ಬಿಗಿದೆ. ಈ ಮಾತು ನಮ್ಮ ತಾಯಂದಿರ ಜೊತೆ ಜಿನೋವಾದ ಹಡಗಿನಲ್ಲಿ ಬಂದದ್ದು, ನಾವು ಅದನ್ನು ಸಾಕಿ ಬೆಳೆಸಿದೆವು ಎಂದೆ. ಅಲ್ಲಿ ಅದಕ್ಕೆ ಏನು ಅರ್ಥವಿತ್ತು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಮನೆಯಲ್ಲೇ ಕೇಳಬಹುದಿತ್ತು. ದೀಪದ ಬುಡದಲ್ಲೇ ಕತ್ತಲು ಎಂದು ಸುಮ್ಮನೆ ಹೇಳುವುದಿಲ್ಲ.

ಪಲ್ಮೀರಾ ಕುರ್ಚಿಗೆ ಕುಸಿದು ಕೂತಳು. ಒಂದು ಕಾಲುಚೀಲ ಕೈಯಲ್ಲಿ ಹಿಡಿದು, ಹುಬ್ಬು ಮೇಲೇರಿಸಿ, "ಏನಿಲ್ಲ ಕಣೋ, ಸ್ವಲ್ಪ ಫಿಯಾಕ" ಎಂದಳು. ಛಾವಣಿ ಹಾರಿಹೋಗುವಂತೆ ಜನ ನಕ್ಕರು. ಪ್ರತಿ ಸಲ ಅವಳು ಹುಬ್ಬೇರಿಸಿದಾಗಲೂ ನಗು. ಎರಡನೆಯ ಸಾಲಿನಲ್ಲಿ ಕೂತಿದ್ದ ಅಮ್ಮನೂ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ಅವಳ ಕೈ ಎಷ್ಟು ಬಿಳಿಚಿಕೊಂಡಿತ್ತು ಎಂದು ನನಗೆ ಈಗ ಕಾಣುತ್ತದೆ. ಆಗ ನನಗೆ ಚಪ್ಪಾಳೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ನಾಟಕ ಮುಗಿದ ಮೇಲೆ ಬೆರ್ತೊಮೆ ಅಜ್ಜ ಬಾಗಿಲಲ್ಲಿ ನನ್ನ ತೋಳು ಹಿಡಿದ. ಅಪ್ಪನ ಜೊತೆ ಟಾರು ಬಳಿಯುತ್ತಿದ್ದವನು, ಅಮ್ಮನ ಊರಿನ ಕಡೆಯವನೇ. ಅವನೊಬ್ಬನೇ ನಕ್ಕಿರಲಿಲ್ಲ.

"ನಮ್ಮ ಕಡಿ ಈ ಮಾತಿಗೆ ಯಾರೂ ನಗಂಗಿಲ್ಲಪಾ," ಎಂದ.

"ಅಜ್ಜಾ, ಇದು ನಿಮ್ಮ ಕಡೆ ಅಲ್ಲ, ಬೋಕಾ."

"ಅದು ಇರ್ಲಿ. ನಿಮ್ಮವ್ವನ ಮಾರಿ ನೋಡೀಯೇನು? ಮೇಣ ಆದಂಗ ಆಗೇದ."

"ಚಳಿಗಾಲ ಅಲ್ವಾ ಅಜ್ಜಾ. ನಿಮ್ದೂ ಹಂಗೇ ಆಗಿದೆ," ಎಂದು ನಕ್ಕು ತೋಳು ಬಿಡಿಸಿಕೊಂಡೆ. ಒಳಗೆ ರೊಸೆಂದೊ ನನ್ನನ್ನು ಹೆಗಲ ಮೇಲೆ ಎತ್ತಿಕೊಳ್ಳಲು ಕಾಯುತ್ತಿದ್ದ.

ಮರುದಿನದಿಂದ ಕೇರಿಗೆಲ್ಲ ಅಮ್ಮ ದೋನ್ಯಾ ಫಿಯಾಕ ಆದಳು. ರೊಟ್ಟಿ ಅಂಗಡಿಯವನು "ಏನು ದೋನ್ಯಾ ಫಿಯಾಕ, ಇವತ್ತು ಎದ್ರಾ?" ಎನ್ನುತ್ತಿದ್ದ. ಅವಳು ಮೆಟ್ಟಿಲ ಮೇಲೆ ಕೂತರೆ ಮೇಲಿನಿಂದ ಕೆಳಗಿನಿಂದ ಎರಡೂ ಕಡೆಯಿಂದ ಕೂಗು. ಒಂದು ವಾರ ಅವಳು ನಕ್ಕು ಸಹಿಸಿದಳು. ಆಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದಳು.

"ಮಗಾ, ನನಗ ಎಲ್ಲಾರೂ ದೋನ್ಯಾ ಫಿಯಾಕ ಅಂತಾರ. ಹಂಗಂದ್ರ ಏನು?"

ಪಂಡಿತನಿಗೆ ಪಾಠ ಹೇಳಲು ಅವಕಾಶ ಸಿಕ್ಕಿತು. ಫಿಯಾಕ ಎಂದರೆ ಕೆಲಸ ಮಾಡಲು ಮನಸ್ಸಿಲ್ಲದೆ ಬಿದ್ದುಕೊಳ್ಳುವುದು, ಮೈ ಬಗ್ಗಿಸದೆ ಸುಖ ಪಡುವುದು ಎಂದು ವಿವರವಾಗಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ಚಮಚ ತಟ್ಟೆಗೆ ಇಳಿಯಿತು.

"ಮೈಗಳ್ಳಿ ಅಂತೇನು?"

"ಹೂಂ. ಆದ್ರೆ ಪ್ರೀತಿಯಿಂದ ಅನ್ನೋದಮ್ಮ. ಬೈಗುಳ ಅಲ್ಲ."

"ನಾಟಕದಾಗೂ ಅದ ಏನು? ಮಂದಿ ನಕ್ಕಿದ್ದು ಅದಕ್ಕನ?"

"ಮತ್ತಿನ್ಯಾಕೆ?"

ಅವಳು ತನ್ನ ಎರಡು ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದಳು. ದಬ್ಬಳ ಒತ್ತಿ ಒತ್ತಿ ಅಂಗೈಯ ನಡುವೆ ಗಂಟು ಕಟ್ಟಿದ್ದ ಕೈಗಳು. ಆಮೇಲೆ ತಟ್ಟೆ ತೊಳೆಯಲು ಎದ್ದಳು.

ಅಂದಿನಿಂದ ಅವಳ ಬಾಯಲ್ಲಿ ಆ ಮಾತು ಬರಲಿಲ್ಲ. ಮೆಟ್ಟಿಲ ಮೇಲೆ ಕೂರುವುದೂ ನಿಂತಿತು. ನಾವು ಏಳುವ ಮೊದಲೇ ಎದ್ದು ಒಲೆ ಹೊತ್ತಿಸಿರುತ್ತಿದ್ದಳು. ನೀರಿನ ಬಕೆಟ್ಟನ್ನು ಪಲ್ಮೀರಾ ತೆಗೆದುಕೊಳ್ಳಲು ಹೋದರೆ ಕಿತ್ತುಕೊಳ್ಳುತ್ತಿದ್ದಳು. "ಅಮ್ಮಂಗೆ ಫಿಯಾಕ ಬಿಡ್ತು ಕಣೆ," ಎಂದು ನಾನು ತಂಗಿಗೆ ಹೇಳಿದೆ. ಅವಳು ಹುಷಾರಾದಳು ಎಂದೇ ನಂಬಿದೆ. ನಮ್ಮ ಕಣ್ಣೆದುರು ಅವಳು ಮೂರು ತಿಂಗಳು ನಿತ್ರಾಣವನ್ನು ಮುಚ್ಚಿಟ್ಟುಕೊಂಡು ಓಡಾಡಿದಳು. ಮಕ್ಕಳು ತನ್ನನ್ನು ಮೈಗಳ್ಳಿ ಎಂದುಕೊಳ್ಳಬಾರದಲ್ಲ.

ಅಕ್ಟೋಬರಿನ ಎರಡನೆಯ ವಾರ ಅಮ್ಮ ಗೋದಾಮಿನಲ್ಲಿ ಬಿದ್ದಳು. ಹೊಲಿದ ಚೀಲಗಳ ಅಟ್ಟಿಯ ಮೇಲೆ ಮುಖವಿಟ್ಟು ಬಿದ್ದವಳನ್ನು ಕಂಡು ಜೊತೆಯ ಹೆಂಗಸರು ಮೊದಲು ತಮಾಷೆ ಎಂದುಕೊಂಡರಂತೆ. "ಏಳು ದೋನ್ಯಾ ಫಿಯಾಕ, ಮೇಸ್ತ್ರಿ ಬಂದ" ಎಂದು ಒಬ್ಬಳು ಅಲುಗಾಡಿಸಿದಳಂತೆ. ಉಣ್ಣೆ ಸಾಗಿಸುವ ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ತಂದರು. ನಾನು ಪ್ರೆಸ್ಸಿನಿಂದ ಓಡಿ ಹೋಗುವಷ್ಟರಲ್ಲಿ ಅವಳಿಗೆ ಎಚ್ಚರವಾಗಿತ್ತು. ಬಿಳಿ ಚಾದರದ ಮೇಲೆ ಅವಳ ಮುಖ ನಿಂಬೆಸಿಪ್ಪೆಯ ಬಣ್ಣಕ್ಕಿತ್ತು.

ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಅಮ್ಮನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ನಾಲಗೆ ನೋಡಿದರು, ಪಾದಕ್ಕೆ ಸೂಜಿ ತಾಗಿಸಿ ನೋಡಿದರು. ಅವರಿಗೆ ಅವಳ ಮಾತು ಬರುವುದಿಲ್ಲ, ಹಾಗಾಗಿ ನಾನು ನಡುವೆ ನಿಂತೆ.

"ಮೊದಲು ಏನಾಯ್ತು ಅಂತ ಕೇಳಪ್ಪ. ಶುರುವಾಗಿದ್ದು ಹೇಗೆ?"

ನಾನು ಸ್ಪ್ಯಾನಿಷ್‌ನಲ್ಲೇ ಕೇಳಿದೆ. ಅಮ್ಮ ತಲೆಯಾಡಿಸಿದಳು. "ಏನೂ ಇಲ್ಲಂತ ಹೇಳು. ನಾಳೆ ಕೆಲಸಕ್ಕ ಹೋಗ್ತೀನಂತ ಹೇಳು."

"ಹೇಳಮ್ಮ. ಡಾಕ್ಟ್ರು ಕೇಳ್ತಿದ್ದಾರೆ."

ಅವಳು ನನ್ನ ಮುಖವನ್ನು ನೋಡಿದಳು. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ, "ಫಿಯಾಕ್ಕ" ಎಂದಳು.

ಡಾಕ್ಟರಿಗೆ ಆ ಒಂದು ಮಾತು ಅರ್ಥವಾಯಿತು. ಅವರು ಮೀಸೆಯಲ್ಲೇ ನಕ್ಕರು. "ಅದು ಈ ದೇಶಕ್ಕೆಲ್ಲ ಇದೆ ತಾಯಿ. ಬೇರೆ ಏನಾಗ್ತಿತ್ತು ಹೇಳಿ."

ಅಮ್ಮನಿಗೆ ಅವರು ನಕ್ಕದ್ದು ಗೊತ್ತಾಯಿತು. ಅವಳು ನನ್ನ ಮಣಿಕಟ್ಟು ಹಿಡಿದಳು. ಆ ಕೈಯಲ್ಲಿ ಬಲವಿರಲಿಲ್ಲ.

"ನಿಮ್ದಲ್ಲ ಮಗಾ," ಎಂದಳು. "ನಮ್ದು. ನಮ್ಮೂರಾಗ ಬರಗಾಲ ಬಂದಾಗ ಮಂದಿಗಿ ಬರ್ತಿತ್ತಲ್ಲ, ಅದು. ನನ್ನ ತಂಗಿ ಸತ್ತದ್ದು ಅದರಾಗ. ಕಾಲಾಗ ಎಲುಬು ಇಲ್ಲದಂಗ ಆಗ್ತದ. ಎದಿ ಹೊಡ್ಕೋತದ. ಏಳಬೇಕಂದ್ರ ಏಳಾಕ ಆಗಂಗಿಲ್ಲ. ಅದಕ್ಕ ಫಿಯಾಕ್ಕ ಅಂತೀವಿ. ಮೈಗಳ್ಳತನ ಅಲ್ಲ ಅದು. ನಾ ಎಂದೂ ಮೈಗಳ್ಳಿ ಅಲ್ಲ."

ಹೊಟ್ಟೆಗಿಲ್ಲದೆ ಸಾಯುವವರ ನಿತ್ರಾಣಕ್ಕೆ ಅವರಿಟ್ಟುಕೊಂಡ ಹೆಸರು ಅದು. ಹಡಗಿನಿಂದ ಇಳಿದು, ಹೊಟ್ಟೆ ತುಂಬಿದವರ ಬಾಯಿಗೆ ಬಿದ್ದು, ಒತ್ತು ಕಳಚಿಕೊಂಡು, ನಮ್ಮ ಹೋಟೆಲಿನ ಮೇಜುಗಳ ಮೇಲೆ ಕುಣಿಯುತ್ತಿತ್ತು. ಅಮ್ಮ ಏಪ್ರಿಲ್‌ನಲ್ಲಿ ಮಂಚದ ಅಂಚಿನಲ್ಲಿ ಕೂತು ನನಗೆ ಹೇಳಿದ್ದು 'ನಾನು ಸಾಯುತ್ತಿದ್ದೇನೆ ಮಗಾ' ಎಂದು. ನಾನು ತಂಗಿಯನ್ನು ಕರೆದು ನಕ್ಕೆ.

"ಏನಂತಾರೆ?" ಎಂದರು ಡಾಕ್ಟರು.

"ನಿತ್ರಾಣ," ಎಂದೆ. "ಸೋಮಾರಿತನ ಅಲ್ಲ ಡಾಕ್ಟ್ರೇ. ನಿತ್ರಾಣ."

"ಎಷ್ಟು ದಿನದಿಂದ?"

ಅದು ನನಗೆ ಚೆನ್ನಾಗಿ ಗೊತ್ತಿತ್ತು. ತಾರೀಕಿನ ಸಮೇತ ಹೇಳಿದೆ. ಯಾವಾಗ ಮೆಟ್ಟಿಲಲ್ಲಿ ಕೂತಳು, ಯಾವಾಗ ಬೆರಳು ಮರಗಟ್ಟಿತು, ಯಾವಾಗ ನಾಲಗೆ ಉರಿಯಿತು, ಒಂದೊಂದನ್ನೂ ಹೇಳಿದೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

"ಇಷ್ಟೆಲ್ಲ ಗಮನಿಸಿದ್ದೀಯ. ಮತ್ತೆ ಯಾಕಪ್ಪ ಕರ್ಕೊಂಡು ಬರಲಿಲ್ಲ?"

ನನ್ನ ಬಾಯಿ ಕಟ್ಟಿತು. ಊರಿಗೆಲ್ಲ ಉತ್ತರ ಹೇಳುತ್ತಿದ್ದ ಬಾಯಿ ಅದು.

ಅವರು ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಹೇಳಿದರು. ಮೈಯಲ್ಲಿ ರಕ್ತ ಹುಟ್ಟುವುದೇ ನಿಂತುಹೋಗುವ ರೋಗ. ಹತ್ತು ವರ್ಷದ ಹಿಂದೆ ಇದಕ್ಕೆ ಮದ್ದಿರಲಿಲ್ಲ, ಈಗ ಇದೆ. ಪಿತ್ತಜನಕಾಂಗದ ಸಾರದ ಸೂಜಿಮದ್ದು, ಹಸಿ ಲಿವರ್ ತಿನ್ನಿಸುವುದು. ಚಳಿಗಾಲಕ್ಕೆ ಮೊದಲೇ ಬಂದಿದ್ದರೆ ಉಳಿಸಬಹುದಿತ್ತು, ಹತ್ತರಲ್ಲಿ ಒಂಬತ್ತು ಜನ ಎದ್ದು ನಡೆಯುತ್ತಾರೆ. ಈಗ ಹೃದಯ ಸೋತಿದೆ. ಆದರೂ ನೋಡೋಣ ಎಂದರು. ಪ್ರತಿ ಸಂಜೆ ರೇವಿನಿಂದ ಬರುವ ದನದ ಮಾಂಸದ ಗಾಡಿಗಳ ಹಿಂದೆ ನಾಯಿಗಳಿಗೆ ಎಸೆಯುವ ಲಿವರ್ ಅದು. ನಮ್ಮೂರಲ್ಲಿ ಅದಕ್ಕೆ ಬರವೇ ಇರಲಿಲ್ಲ.

ಪಲ್ಮೀರಾ ತಾನು ಕೆಲಸ ಮಾಡುವ ಅಂಗಡಿಯ ಸಮವಸ್ತ್ರದಲ್ಲೇ ಓಡಿ ಬಂದಳು. ನಾನು ಎಲ್ಲ ಹೇಳಿದೆ.

"ನಾನಲ್ವೇನೋ ಅವಳ ಏಪ್ರನ್ ಕಟ್ಕೊಂಡು ಕುಣಿದಿದ್ದು," ಎಂದಳು. "ಅವಳು ಸಾಯೋದನ್ನ ನಾನು ಅಭಿನಯ ಮಾಡಿ ತೋರಿಸ್ದೆ. ಅವಳ ಮುಂದೇನೇ. ಜನ ಇನ್ನೊಂದ್ಸಲ ಅಂದ್ರು, ಇನ್ನೊಂದ್ಸಲ ಮಾಡ್ದೆ."

"ಬರೆದೋನು ನಾನು."

"ಹೌದು ಕಣೋ, ನೀನೇ," ಎಂದಳು. ಆಮೇಲೆ ನನ್ನ ಎದೆಗೆ ತಲೆಯಿಟ್ಟು ಅತ್ತಳು. ನಾವಿಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸಿದೆವು ಎಂದು ಹೇಳಿದರೆ ಸುಳ್ಳಾಗುತ್ತದೆ.

ನನ್ನ ರಕ್ತ ಅವಳಿಗೆ ಹೊಂದಿತು, ಕೊಟ್ಟೆ. ಪಲ್ಮೀರಾ ಲಿವರನ್ನು ಅರೆದು, ಹಣ್ಣಿನ ರಸದಲ್ಲಿ ಕಲಸಿ, ಚಮಚದಲ್ಲಿ ಕುಡಿಸಿದಳು. ಅಮ್ಮ ಕಣ್ಣು ಮುಚ್ಚಿಕೊಂಡು ನುಂಗುತ್ತಿದ್ದಳು. ಎರಡು ದಿನ ತುಟಿಗೆ ಸ್ವಲ್ಪ ಬಣ್ಣ ಬಂತು. ನಾವು ಹುಚ್ಚರ ಹಾಗೆ ಹಿಗ್ಗಿದೆವು. ಆಮೇಲೆ ಮೈಯಲ್ಲಿ ನೀರು ತುಂಬಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಒಂಬತ್ತನೆಯ ದಿನ ಬೆಳಿಗ್ಗೆ, ನರ್ಸು ಹಾಲು ತರುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಳು.

ಹೇಳಬೇಕಾದದ್ದು ಅದರ ಹಿಂದಿನ ದಿನದ್ದು. ಮಧ್ಯಾಹ್ನ ಮೂರು ಗಂಟೆ, ನೋಡಲು ಬರುವವರನ್ನು ಬಿಡುವ ಹೊತ್ತು. ವಾರ್ಡಿನ ತುಂಬ ಕಿತ್ತಳೆ ಹಣ್ಣಿನ ವಾಸನೆ, ಪಕ್ಕದ ಮಂಚದವರ ಮಾತು. ಪಲ್ಮೀರಾ ಅಮ್ಮನ ಪಾದ ಒತ್ತುತ್ತಿದ್ದಳು. ನಾನು ತಲೆಯ ಹತ್ತಿರ ಕೂತಿದ್ದೆ. ಹನ್ನೊಂದು ವರ್ಷ ಆಡದ ಮಾತನ್ನು ಬಾಯಿಗೆ ತಂದುಕೊಳ್ಳಲು ಒಂದು ವಾರದಿಂದ ಒಳಗೊಳಗೇ ಅಭ್ಯಾಸ ಮಾಡಿದ್ದೆ. ಹೋಟೆಲಿನಲ್ಲಿ ಮೇಜು ಕುಟ್ಟಿ ಹೇಳುವ ಬಿಡಿ ಶಬ್ದಗಳಲ್ಲ. ಮಗ ತಾಯಿಯನ್ನು ಕೇಳುವ ಮಾತು. ಬೆರ್ತೊಮೆ ಅಜ್ಜನ ಮನೆಗೆ ಹೋಗಿ ತಿದ್ದಿಸಿಕೊಂಡು ಬಂದಿದ್ದೆ.

"ಅವ್ವಾ," ಎಂದೆ. "ಹ್ಯಾಂಗದೀ ಅವ್ವಾ? ಏನಾಗ್ಲಿಕತ್ತೇದ ನಿನಗ? ನನಗ ಹೇಳು. ನಾ ಕೇಳ್ತೀನಿ."

ಅವಳು ಕಣ್ಣು ತೆರೆದು ನನ್ನ ಬಾಯನ್ನೇ ನೋಡಿದಳು. ಆ ಮಾತು ನನ್ನ ಬಾಯಿಂದ ಬಂತೋ, ಅಪ್ಪನ ಬಾಯಿಂದ ಬಂತೋ ಎಂದು ಅವಳಿಗೆ ಅನುಮಾನ ಬಂದಿರಬೇಕು. ನನ್ನ ಕೆನ್ನೆ ಒದ್ದೆಯಾಗಿರುವುದು ಕಾಣಿಸಿತು. ಹೆದರಿದ ಮಗನನ್ನು ಸಮಾಧಾನ ಮಾಡಬೇಕು ಎನ್ನುವುದೊಂದೇ ಅವಳಿಗೆ ಉಳಿದಿತ್ತು. ಉಸಿರು ಒಟ್ಟುಮಾಡಿಕೊಂಡಳು. ಇಪ್ಪತ್ತೇಳು ವರ್ಷ ನಾಚಿಕೊಂಡು ಆಡದೆ ಉಳಿಸಿದ್ದ ಸ್ಪ್ಯಾನಿಷ್‌ನಲ್ಲಿ, ನಮ್ಮ ಬೀದಿಯ ಹುಡುಗರ ಧಾಟಿಯಲ್ಲಿ, ಒತ್ತು ಕಳಚಿ, ಸ್ವಲ್ಪವೂ ತಪ್ಪದೆ ಆಡಿದಳು.

"ಏನಿಲ್ಲ ಕಣೋ. ಸ್ವಲ್ಪ ಫಿಯಾಕ."

ಹೇಳಿ ಹುಬ್ಬೇರಿಸಿದಳು. ಪಲ್ಮೀರಾಳ ಕೈ ಅವಳ ಪಾದದ ಮೇಲೆ ನಿಂತುಹೋಯಿತು. ಅಮ್ಮ ನನ್ನನ್ನೇ ನೋಡುತ್ತಾ ಕಾಯುತ್ತಿದ್ದಳು, ನಾನು ನಗುತ್ತೇನೆ ಎಂದು. ನಾನು ನಕ್ಕೆ.